ಬೆರಳಿಗೆ ಸಿಗದ ರಸ್ತೆ

ಅಕ್ಕ ಕೆಲಸ ಮಾಡುವ ವಾದ್ಯ ರಿಪೇರಿ ಅಂಗಡಿ ಸೋಮವಾರದಿಂದ ಬೇರೆ ಬೀದಿಗೆ ಹೋಗುವುದಿತ್ತು. ಹಳೆಯ ದಾರಿ ಅವಳ ಕಾಲಿಗೆ ಬಾಯಿಪಾಠ. ಕಣ್ಣು ಪೂರ್ತಿ ಹೋದ ಮೇಲೂ ಒಬ್ಬಳೇ ಹೋಗಿ ಬರುತ್ತಿದ್ದಳು. ಹೊಸ ದಾರಿ ಹಾಗಲ್ಲ. “ನಾನೇ ಬಿಟ್ಟು ಬರ್ತೀನಿ” ಎಂದು ತಂಗಿ ಅಂದದ್ದೇ ತಪ್ಪಾಯಿತು.

“ದಿನಾ ಪಾರ್ಸೆಲ್ ಥರ ಹೋಗೋದಾದ್ರೆ ಕೆಲಸಾನೇ ಬಿಡ್ತೀನಿ. ನಕ್ಷೆ ಮಾಡಿಕೊಡು.”

ತಂಗಿಯ ಮುದ್ರಣಾಲಯದಲ್ಲಿ ಒಂದು ಬಗೆಯ ಕಾಗದವಿತ್ತು. ಅಚ್ಚು ಹಾಕಿ ಶಾಖ ಕೊಟ್ಟರೆ ಕಪ್ಪು ಗೆರೆಗಳು ಉಬ್ಬಿ ಬೆರಳಿಗೆ ಸಿಗುತ್ತವೆ. ಕಾಗದವೇನೋ ಇತ್ತು, ನಕ್ಷೆ ಬರೆಯುವ ತಂತ್ರಾಂಶ ಇರಲಿಲ್ಲ. ಯಾರು ಬೇಕಾದರೂ ಬಳಸಿ ತಿದ್ದಿಕೊಳ್ಳಬಹುದಾದ ಮುಕ್ತ ತಂತ್ರಾಂಶಗಳು ಮೂರು ಸಿಕ್ಕವು. ಶನಿವಾರ ತಂಗಿ ಅಕ್ಕನನ್ನೂ ಮುದ್ರಣಾಲಯಕ್ಕೆ ಕರೆದುಕೊಂಡು ಹೋಗಿ, ಕಂಪ್ಯೂಟರ್ ಮುಂದೆ ಕೂತವಳು ನಿಂತಳು, ನಿಂತವಳು ಕೂತಳು.

“ಪುಕ್ಕಟೆ ಸಿಕ್ರೆ ನನಗೊಂದಿರಲಿ, ನಮ್ಮಪ್ಪಂಗೊಂದಿರಲಿ ಅಂತ ಮೂರೂ ತಂದ್ಯಾ?” ಅಕ್ಕ ಕೆಣಕಿದಳು.

“ಸುಮ್ನಿರಕ್ಕಾ, ತಲೆ ಕೆಟ್ಟಿದೆ.”

ಮೊದಲನೆಯದು ಪರದೆಯ ಮೇಲೆ ಚೆಂದವೋ ಚೆಂದ. ಕಾಗದಕ್ಕಿಳಿಸಿದರೆ ಗೆರೆಗಳೆಲ್ಲ ಕಲಸಿಹೋದವು. ಎರಡನೆಯದರ ಅಚ್ಚು ಚೊಕ್ಕ, ಆದರೆ ಮನೆ, ಮರ, ಹೆಸರು ಯಾವುದನ್ನೂ ತೆಗೆಯಲು ಬಿಡದು. ಅದರ ಹಾಳೆಯ ಮೇಲೆ ಬೆರಳಾಡಿಸಿ ಅಕ್ಕ, “ಇದೇನೇ, ಊರೋ ಬೆವರುಸಾಲೆಯೋ?” ಎಂದಳು.

ಮೂರನೆಯದು ಹಠಮಾರಿ. ಒಂದು ಗುಂಡಿ ಹುಡುಕಲು ಹತ್ತು ಬಾಗಿಲು ತಟ್ಟಬೇಕು. ಆದರೆ ಬೇಡವಾದದ್ದನ್ನು ಮರೆಮಾಡಲು ಅದು ಬಿಡುತ್ತಿತ್ತು, ಒಂದೊಂದೇ ರಸ್ತೆಯನ್ನೂ ಸಹ. ಮರಗಳು ಹೋದವು, ಮನೆಗಳು ಹೋದವು, ರಸ್ತೆಗಳು ಬೇಕಾದಷ್ಟು ದಪ್ಪವಾದವು. ಇದೇ ಸರಿ ಅಂದುಕೊಂಡಳು ತಂಗಿ. ಆಮೇಲೆ ಆಸ್ಪತ್ರೆ ರಸ್ತೆಯ ಹತ್ತಿರ ಅವಳ ಕೈ ನಿಂತಿತು. ಹೊಸ ಅಂಗಡಿಗೆ ನೇರ ದಾರಿ ಅದೇ, ಆದರೆ ಅಲ್ಲಿ ಎಲ್ಲ ಕಡೆಯಿಂದಲೂ ಬಸ್ಸುಗಳು ನುಗ್ಗುತ್ತವೆ. ಅಕ್ಕನಿಗೆ ಕಾಣದೆಂದು ಗೊತ್ತಿದ್ದೂ ಒಮ್ಮೆ ಹಿಂದೆ ತಿರುಗಿ ನೋಡಿ, ಆ ರಸ್ತೆಯನ್ನೂ ಮರೆಮಾಡಿದಳು. ಸುತ್ತುದಾರಿ ಮಾತ್ರ ಉಳಿಯಿತು.

ಹಾಳೆ ಬಂತು. ಅಕ್ಕನ ಬೆರಳು ಮನೆಯಿಂದ ಹೊರಟು, ಸುತ್ತಿ, ತಡವರಿಸಿ, ಹಿಂದಕ್ಕೆ ಬಂತು.

“ಆಸ್ಪತ್ರೆ ರಸ್ತೆ ಎಲ್ಲೇ?”

“ಅದು... ಈ ತಂತ್ರಾಂಶದಲ್ಲಿ ಬಂದಿಲ್ಲ.”

“ಪಾಪ, ಅದರ ಮೇಲ್ಯಾಕೆ ಹಾಕ್ತೀಯ? ಮೂಗೆಲ್ಲಿ ಅಂದ್ರೆ ತಲೆ ಸುತ್ತ ಕೈ ತಂದು ತೋರಿಸಿದ ಹಾಗಿದೆ ನಿನ್ನ ದಾರಿ.”

“ಬಸ್ ಗುದ್ದಿದ್ರೆ?” ಎಂದಳು ತಂಗಿ.

“ನೀನು ಅಳಿಸಿದೆ ಅಂತ ಬಸ್ ನಿಲ್ಲುತ್ತಾ? ಒಂದಿನ ದಾರಿ ತಪ್ಪಿ ಅಲ್ಲೇ ಹೋಗಿ ನಿಂತೆ ಅನ್ನು. ಎಲ್ಲಿದ್ದೀನಿ ಅಂತಾನೇ ನಂಗೆ ಗೊತ್ತಿರಲ್ಲ.”

ತಂಗಿ ಮತ್ತೆ ಕಂಪ್ಯೂಟರ್ ಕಡೆ ತಿರುಗಿದಳು. ರಸ್ತೆಯನ್ನು ವಾಪಸ್ ತಂದಳು. ದಾಟುವ ಜಾಗದಲ್ಲಿ ಬೆರಳಿಗೆ ತಟ್ಟುವಂಥ ದೊಡ್ಡ ಚುಕ್ಕೆ ಇಟ್ಟಳು.

ಸೋಮವಾರ ಅಕ್ಕ ಹಾಳೆಯನ್ನು ಸುರುಳಿ ಸುತ್ತಿ ಚೀಲಕ್ಕಿಟ್ಟು, ಕೋಲು ಹಿಡಿದು ಹೊರಟಳು. ತಂಗಿ ಮೆಲ್ಲಗೆ ಹಿಂದೆಯೇ ಬಂದಳು.

“ಚಪ್ಪಲಿ ಸದ್ದು ಕೇಳ್ತು. ಬಿಚ್ಚಿಟ್ಟು ಒಳಗೆ ಹೋಗು,” ಮೆಟ್ಟಿಲಿಂದಲೇ ಅಕ್ಕ ಅಂದಳು.

ಬಿಚ್ಚಿದಳು. ಬರಿಗಾಲಲ್ಲೇ ಮನೆಯ ಉದ್ದಗಲಕ್ಕೂ ನಡೆಯತೊಡಗಿದಳು, ಫೋನನ್ನು ಕೈಯಿಂದ ಕೈಗೆ ಬದಲಾಯಿಸುತ್ತ.