ಪ್ಲಾಸ್ಟರ್ ಹಾಕದ ಕೈ

ದುಮ್ಮವಾಡದ ಹೊಳೆಯಪ್ಪ ಚಹಾದಂಗಡಿಯಲ್ಲಿ ಕೂತು, ಹುಬ್ಬಳ್ಳಿಯ ಡಾಕ್ಟರು ತನ್ನ ಹೆಂಡತಿಯ ಬಲಗೈ ಹಾಳು ಮಾಡಿಬಿಟ್ಟರೆಂದು ಬಂದವರಿಗೆಲ್ಲ ಹೇಳುತ್ತಿದ್ದ. ಆ ಮಾತು ಊರೆಲ್ಲ ಸುತ್ತಿ ಹೆಂಡತಿ ರೇಣುಕವ್ವನ ಕಿವಿಗೂ ಬಿತ್ತು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಕೈ ಹಾಳಾದದ್ದು ಖರೆ. ತಲೆಗೆ ಎಣ್ಣೆ ಹಚ್ಚಿಕೊಳ್ಳಲಿಕ್ಕೂ ಅದು ಏಳುತ್ತಿರಲಿಲ್ಲ, ಕುಪ್ಪಸ ತೊಡಬೇಕೆಂದರೆ ಸೊಸೆ ಮಂಜುಳಾ ಬರಬೇಕಿತ್ತು. ಆದರೆ ಹಾಳು ಮಾಡಿದವರು ಯಾರು? ಅದನ್ನು ಹೇಳುವ ಬಾಯಿ ಮಾತ್ರ ಈ ಗಂಡಸಿಗೆ ಇರಲಿಲ್ಲ.

ಡಾಕ್ಟರು ಪಾಪ, ಏನಾದರೂ ಕಡಿಮೆ ಹೇಳಿದ್ದರೇ? ಭುಜದೊಳಗೆ ಕೈಯನ್ನು ಎತ್ತುವ ಹುರಿ ಹರಿದಿದೆ, ಎಲುಬಿಗೆ ಸೇರಿಸಿ ಹೊಲಿಯುತ್ತೇವೆ, ಹೊಲಿದ ಮಾತ್ರಕ್ಕೆ ಕೂಡುವುದಿಲ್ಲ, ಆರು ವಾರ ಕೈ ಬೆಲ್ಟಿನಲ್ಲೇ ಇರಬೇಕು, ಚಹಾದ ಕಪ್ಪನ್ನೂ ಎತ್ತಬಾರದು ಎಂದು ಗಂಡನ ಎದುರಿಗೇ ಹೇಳಿದ್ದರು. ವಯಸ್ಸಾದವರಿಗೆ, ಶುಗರ್ ಇದ್ದವರಿಗೆ, ತಂಬಾಕು ತಿನ್ನುವವರಿಗೆ ಅದು ಕೂಡುವುದು ತಡ, ಮತ್ತೆ ಹರಿಯುವ ಭಯವೂ ಹೆಚ್ಚು ಎಂದು ಎಚ್ಚರಿಸಿದ್ದರು. ವಯಸ್ಸಿಗೆ ರೇಣುಕವ್ವ ಏನು ಮಾಡಿಯಾಳು! ಉಳಿದೆರಡನ್ನು ಹಲ್ಲು ಕಚ್ಚಿ ಹಿಡಿದಳು. ಮದುವೆಯಾದಾಗಿನಿಂದ ಜೊತೆಗಿದ್ದ ತಂಬಾಕನ್ನು ಆಪರೇಷನ್ನಿಗೆ ಮುಂಚೆಯೇ ತಿಪ್ಪೆಗೆ ಎಸೆದಳು. ಚಹಾಕ್ಕೆ ಸಕ್ಕರೆ ಬಿಟ್ಟಳು, ಹಬ್ಬದ ಹೋಳಿಗೆಯನ್ನು ಕಣ್ಣಿನಿಂದಷ್ಟೇ ನೋಡಿದಳು. ಶುಗರ್ ಹತೋಟಿಗೆ ಬಂದಿತ್ತು.

ಎಡವಟ್ಟಾದದ್ದು ಪ್ಲಾಸ್ಟರ್ ಇಲ್ಲದ್ದರಿಂದ. ಊರವರ ಲೆಕ್ಕದಲ್ಲಿ ಬೆಳ್ಳಗೆ, ಗಟ್ಟಿಯಾಗಿ ಪ್ಲಾಸ್ಟರ್ ಹಾಕಿದ್ದರೆ ಮಾತ್ರ ಅದು ಪೆಟ್ಟು. ರೇಣುಕವ್ವನ ಭುಜದ ಮೇಲೆ ಇದ್ದದ್ದು ಆಪರೇಷನ್ನಿನ ದುರ್ಬೀನು ತೂರಿಸಿದ ಸಣ್ಣ ಸಣ್ಣ ತೂತಿನ ಗುರುತು, ಮೇಲೊಂದು ಬಟ್ಟೆಯ ಬೆಲ್ಟು, ಅಷ್ಟೆ. ಮಾತಾಡಿಸಲು ಬಂದ ಹೆಂಗಸರು ಸೆರಗು ಸರಿಸಿ ನೋಡಿ, ಇಷ್ಟೇನಾ ಎಂದು ಮುಖ ಸಪ್ಪೆ ಮಾಡಿಕೊಂಡು ಹೋಗುತ್ತಿದ್ದರು. ಇವರಿಗೆಲ್ಲ ಭುಜ ಸೀಳಿಯೇ ತೋರಿಸಬೇಕಿತ್ತೇನೋ!

ಮೂರನೆಯ ವಾರ ಕಲಘಟಗಿಯಿಂದ ಹೊಳೆಯಪ್ಪನ ಅಕ್ಕ ರೇವವ್ವ ಬಂದಳು. ಒಬ್ಬಳೇ ಅಲ್ಲ, ಟಂಟಂ ಗಾಡಿ ತುಂಬ ಮಂದಿ. ಕಾಯಿಲೆಯವರನ್ನು ಮಾತಾಡಿಸಲು ಬಂದವರು ಉಂಡೇ ಹೋಗಬೇಕು, ಅದು ಮನೆತನದ ಮಾತು. ಮಂಜುಳಾಳ ಕೈಗೆ ರೊಟ್ಟಿ ಇನ್ನೂ ಒಲಿದಿರಲಿಲ್ಲ, ಪಾಪ ಚಪಾತಿ ಮಾಡಿದ್ದಳು. ಅದನ್ನು ನೋಡಿದ್ದೇ ರೇವವ್ವ ಮುಖ ಸಿಂಡರಿಸಿದಳು. ಚಪಾತಿ ತಿಂದರೆ ತನಗೆ ಹೊಟ್ಟೆ ಉಬ್ಬುತ್ತದಂತೆ. ಖಾನಾವಳಿಯಿಂದ ರೊಟ್ಟಿ ತರಿಸುತ್ತೇನೆ ಎಂದು ಮಂಜುಳಾ ಅಂದದ್ದು ಇನ್ನೂ ದೊಡ್ಡ ತಪ್ಪಾಯಿತು. ತವರಿಗೆ ಬಂದವಳಿಗೆ ಕೊಂಡ ರೊಟ್ಟಿ ಹಾಕುವ ಕಾಲ ಬಂತಲ್ಲ ಎಂದು ರೇವವ್ವ ಕಣ್ಣಿಗೆ ಸೆರಗು ಹಚ್ಚಿದಳು.

ಹೊಳೆಯಪ್ಪ ಒಳಗೆ ಬಂದ. ಹೆಂಡತಿಯ ಕೈಯತ್ತ ನೋಡಿದ, ಒಲೆಯತ್ತ ನೋಡಿದ.

"ಒಂದ ಹತ್ತ ರೊಟ್ಟಿ ಬಡದ ಬಿಡಲೇ. ಪ್ಲಾಸ್ಟರ್ ಏನ ಹಾಕ್ಯಾರೇನು ನಿನಗ?"

ಡಾಕ್ಟರು ಹೇಳಿದ್ದನ್ನು ಅವಳು ನೆನಪಿಸಿದಳು. ಡಾಕ್ಟರು ಎಲ್ಲರಿಗೂ ಹಾಗೇ ಹೇಳುತ್ತಾರೆ, ಒಂದು ಹೊತ್ತಿಗೆ ಏನೂ ಆಗುವುದಿಲ್ಲ, ಅಕ್ಕ ಉಪವಾಸ ಎದ್ದುಹೋದರೆ ನಾಳೆ ಬೀಗರೆದುರು ತಲೆ ಎತ್ತುವುದು ಹೇಗೆ ಎಂದು ಅವನು ಅಲ್ಲೇ ನಿಂತ. ಹೊರಗೆ ಮಂದಿ ತಾಟಿನ ಮುಂದೆ ಕಾಯುತ್ತಿದ್ದರು. ರೇಣುಕವ್ವ ಬೆಲ್ಟು ಬಿಚ್ಚಿದಳು. ಹಿಟ್ಟು ನಾದಿ, ಬಡಿದು, ಹಂಚಿಗೆ ಹಾಕುತ್ತ ಹೋದಳು. ಇನ್ನೇನು ಮುಗಿಯಿತು ಎನ್ನುವಾಗ ಭುಜದೊಳಗೆ ಏನೋ ಪಟ್ಟನೆ ಕಿತ್ತಂತಾಗಿ ಕಣ್ಣಿಗೆ ಕತ್ತಲೆ ಬಂತು. ಹೊರಗೆ ರೇವವ್ವ, ಆಪರೇಷನ್ ಆದರೂ ನಮ್ಮ ರೇಣುಕಿಯ ಕೈರುಚಿ ಹೋಗಿಲ್ಲ ನೋಡು ಎಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು.

ಕೈ ಏಳುತ್ತಿಲ್ಲ ಎಂದು ಎಷ್ಟು ಬಡಿದುಕೊಂಡರೂ ಗಂಡ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಕಡೆಗೆ ಅವಳನ್ನು ಹುಬ್ಬಳ್ಳಿಗೆ ಕರೆದುಕೊಂಡು ಬಂದದ್ದು ತೋರಿಸಲಿಕ್ಕಲ್ಲ, ಜಗಳಕ್ಕೆ. ಡಾಕ್ಟರು ಸ್ಕ್ಯಾನ್ ನೋಡಿ, ಹೊಲಿದದ್ದು ಮತ್ತೆ ಹರಿದಿದೆ ಎಂದರು. ಶುಗರಿನ ಚೀಟಿ ನೋಡಿದರು, ಚೆನ್ನಾಗಿಯೇ ಇತ್ತು. ತಂಬಾಕು ಕೇಳಿದರು, ಬಿಟ್ಟಿದ್ದಳು. ಹಾಗಾದರೆ ಕೈಗೆ ಭಾರ ಬಿತ್ತೇನು, ಬೆಲ್ಟು ಬಿಚ್ಚಿದ್ದಿರೇನು ಎಂದು ಕೇಳಿದರು. ರೇಣುಕವ್ವ ಬಾಯಿ ತೆರೆಯುವ ಮೊದಲೇ ಹೊಳೆಯಪ್ಪ ಟೇಬಲ್ ಗುದ್ದಿದ.

"ಏನೂ ಇಲ್ರೀ ಸಾಹೇಬ್ರ. ಹೂವಿನಂಗ ನೋಡ್ಕೊಂಡೇವಿ ಅಕಿನ್ನ. ನಿಮ್ಮ ಹೊಲಿಗೀನ ಸರಿ ಇಲ್ಲ."

ಹೂವಿನಂತೆ! ರೇಣುಕವ್ವ ಗಂಡನ ಮುಖ ನೋಡಿದಳು. ಸುಳ್ಳು ಹೇಳುವಾಗ ಇವನ ಮುಖದ ಒಂದು ಗೆರೆಯೂ ಅಲುಗಲಿಲ್ಲವಲ್ಲ. ತಾನು ಬಿಟ್ಟ ಸಕ್ಕರೆ, ತಂಬಾಕು, ತಡೆದುಕೊಂಡ ನೋವು ಎಲ್ಲ ಇವನ ಬಾಯಿಯಲ್ಲಿ ಡಾಕ್ಟರ ತಪ್ಪಾಗಿ ಕೂತಿತ್ತು.

ಡಾಕ್ಟರು ಸಿಟ್ಟಾಗಲಿಲ್ಲ. ಇನ್ನೊಂದು ಸಲ ಹೊಲಿಯಬಹುದು, ಆದರೆ ಮೊದಲಿನಷ್ಟು ಭರವಸೆ ಇಲ್ಲ, ತಡಮಾಡಿದರೆ ಸ್ನಾಯು ಸೊರಗಿ ಹೊಲಿಯಲಿಕ್ಕೂ ಬರುವುದಿಲ್ಲ, ಈ ಸಲವೂ ಹರಿದರೆ ಕೈ ಜನ್ಮದಲ್ಲಿ ಮೇಲೇಳುವುದು ಕಷ್ಟ ಎಂದು ಬಿಡಿಸಿ ಹೇಳಿದರು. ಮನೆಯಲ್ಲಿ ನೋಡಿಕೊಳ್ಳುವವರು ಇದ್ದಾರೇನು ಎಂದೂ ಕೇಳಿದರು. ಎಲ್ಲರೂ ಇದ್ದೇವೆ ಎಂದ ಹೊಳೆಯಪ್ಪ.

ರೇಣುಕವ್ವ ಅವನ ಕಡೆ ತಿರುಗಲೇ ಇಲ್ಲ. "ಮಾಡ್ರಿ ಸಾಹೇಬ್ರ. ಆದ್ರ ನಾ ಆ ಮನಿಗೆ ಹೋಗಂಗಿಲ್ರಿ. ಕೈ ಕೂಡೂತನಕಾ ಅಣ್ಣಿಗೇರ್ಯಾಗ ನಮ್ಮ ತಂಗಿ ಕಡೆ ಇರ್ತೀನಿ."

ಹೊಳೆಯಪ್ಪ ಹೌಹಾರಿದ. ಡಾಕ್ಟರು ಎದುರಿಗಿದ್ದಾರೆ ಎಂಬುದೂ ಅವನಿಗೆ ಮರೆತುಹೋಯಿತು.

"ಅಲ್ಲಲೇ, ಅಲ್ಲೀತನಕಾ ಮನ್ಯಾಗ ರೊಟ್ಟಿ ಯಾರ ಬಡೀಬೇಕು?"

ಡಾಕ್ಟರು ಸ್ಕ್ಯಾನನ್ನು ಟೇಬಲ್ ಮೇಲಿಟ್ಟು ಅವನನ್ನೇ ನೋಡಿದರು.

"ಹ್ಯಾಂಗ ಹರೀತು ಅಂತ ಕೇಳಿದ್ರ್ಯಲ್ಲರಿ ಸಾಹೇಬ್ರ," ಎಂದಳು ರೇಣುಕವ್ವ. "ಹಿಂಗ ಹರೀತ್ರಿ. ಆಪರೇಷನ್ ಯಾವತ್ತ ಇಟ್ಕೋತೀರಿ, ಹೇಳ್ರಿ."