ಎಂಜಲು ಗಾಜು

ನಾನು ಒಂದು ಮಾಸ್ಕ್. ಬಾಯಿ ಮುಚ್ಚುವ ಬಟ್ಟೆಯದಲ್ಲ; ಸಮುದ್ರದಲ್ಲಿ ಮುಖ ಮುಳುಗಿಸಿ ತಳ ನೋಡುವವರ ಕಣ್ಣು ಮೂಗು ಕಾಯುವ ಗಾಜಿನ ಮಾಸ್ಕ್. ಕಾರ್ಖಾನೆಯ ಅಚ್ಚಿನಿಂದ ಮೃದುವಾದ ಅಂಚಿನೊಂದಿಗೆ ಹೊರಬಂದೆ. ಹುಟ್ಟಿದಾಗಿನಿಂದ ನನಗೆ ನಿಶ್ಚಿಂತೆ ಎಂಬುದಿಲ್ಲ. ಗಡ್ಡದವರು, ಕೆನ್ನೆ ಬತ್ತಿದವರು, ಮೂಗುತಿಯವರು, ಯಾರ ಮುಖ ಬಂದರೂ ನೀರು ನುಗ್ಗುವ ಸಂದಿ ಎಲ್ಲಿದೆಯೆಂದು ಮೊದಲು ಹುಡುಕುತ್ತೇನೆ.

ಅಂಗಡಿಯೊಂದರಲ್ಲಿ ಕೆಲವು ತಿಂಗಳು ತೂಗಾಡಿ, ಮುರುಡೇಶ್ವರದ ಸುಬ್ರಾಯ ಹರಿಕಾಂತರ ಕೈಸೇರಿದೆ. ಅವರು ಪ್ರವಾಸಿಗರನ್ನು ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಕರೆದೊಯ್ಯುತ್ತಿದ್ದರು. ಕಡಿದಾದ ಬಂಡೆ, ಮೇಲೆ ಒತ್ತಾದ ಹಸಿರು, ಕೆಳಗೆ ನೀರಿನಲ್ಲಿ ಹವಳ. ನನ್ನನ್ನು ಯಾರಿಗೇ ಆಗಲಿ ಕೊಡುವ ಮುನ್ನ ಸುಬ್ರಾಯರು ಗಾಜಿನೊಳಗೆ ಉಗುಳಿ, ಬೆರಳಿನಿಂದ ಉಜ್ಜಿ, ಒಮ್ಮೆ ಸಮುದ್ರದಲ್ಲಿ ಅದ್ದುತ್ತಿದ್ದರು. ಹಾಗೆ ಮಾಡಿದರೆ ಉಸಿರಿನ ಆವಿ ಗಾಜಿಗೆ ಕೂರುವುದಿಲ್ಲ. ಅದನ್ನು ನಾನೆಂದೂ ಅವಮಾನವೆಂದುಕೊಂಡಿಲ್ಲ.

ಒಮ್ಮೆ ತಿಪಟೂರಿನಿಂದ ವನಜಾಕ್ಷಿ ಎಂಬ ನಿವೃತ್ತ ಟೀಚರ್ ಬಂದರು. ಮೂವತ್ತೊಂದು ವರ್ಷ ಬೋರ್ಡಿನ ಮೇಲೆ ಹವಳ ಬರೆದು ಪಾಠ ಮಾಡಿದವರು, ಒಮ್ಮೆಯೂ ಕಂಡವರಲ್ಲ. ಈಜು ಬಾರದು. ಮನೆಯವರನ್ನು ಒಪ್ಪಿಸಲು ಎರಡು ವರ್ಷ ಹಿಡಿದಿತ್ತಂತೆ. ಇನ್ನೊಮ್ಮೆ ಯಾರೂ ಬಿಡುವುದಿಲ್ಲ. ನೀರಿನಲ್ಲಿರಲು ಸಿಗುವುದು ಅರ್ಧ ಗಂಟೆ.

ಸುಬ್ರಾಯರು ಉಗುಳಿದ್ದನ್ನು ಟೀಚರ್ ಕಂಡರು. ಸುಬ್ರಾಯರು ಅತ್ತ ತಿರುಗಿದೊಡನೆ ಕುಡಿಯುವ ನೀರಿನ ಬಾಟಲಿ ಬಗ್ಗಿಸಿ ನನ್ನನ್ನು ಮೂರು ಸಲ ತೊಳೆದು, ಟವೆಲಿನಲ್ಲಿ ಒರೆಸಿಟ್ಟರು. ನನಗೆ ಗಾಬರಿಯಾಯಿತು. ಹೇಳಲು ಬಾಯಿಲ್ಲ.

ನೀರಿಗಿಳಿದ ಎರಡೇ ನಿಮಿಷಕ್ಕೆ ನಾನು ಪೂರ್ತಿ ಮಬ್ಬಾದೆ. ಟೀಚರ್ ಟ್ಯೂಬ್ ಹಿಡಿದು ತೇಲುತ್ತಾ ಬರೀ ಬಿಳುಪನ್ನು ನೋಡಿದರು. ತಮ್ಮ ಕಣ್ಣಿನ ಪೊರೆಯೇ ಕಾರಣವೆಂದುಕೊಂಡು ಬಹಳ ಹೊತ್ತು ಕಣ್ಣು ಕಿರಿದು ಮಾಡಿ ಹುಡುಕಿದರು. ಕೊನೆಗೆ ತಲೆಯೆತ್ತಿ, “ನನ್ನ ಕಣ್ಣೇ ಸರಿಯಿಲ್ಲ, ದೋಣಿ ಹತ್ತಿಸಿಬಿಡಿ” ಎಂದರು.

ಪಕ್ಕದಲ್ಲೇ ಈಜುತ್ತಿದ್ದ ಸುಬ್ರಾಯರು ನನ್ನನ್ನು ಬಿಚ್ಚಿ ಒಳಗೆ ಬೆರಳಾಡಿಸಿದರು. “ಇದನ್ನ ಎಂತಕ್ಕೆ ತೊಳೂಕೆ ಹೋದ್ರಿ, ಅಮ್ಮ?”

“ಎಂಜಲು ಅಲ್ವೇನಪ್ಪ.”

“ನಂದು ಬ್ಯಾಡ ಅಂದ್ರೆ ನಿಮ್ದೇ ಹಾಕಿ. ನಿಮ್ಮೆಂಜಲು ನಿಮಗೆ ಮೈಲಿಗೆಯಾ?”

ಸ್ಲೇಟಿಗೆ ಉಗುಳಿ ಒರೆಸಿದ ಮಕ್ಕಳ ಕಿವಿ ಹಿಂಡಿದ ಕೈ ಅದು. ದೋಣಿಯ ಕಡೆಯಿಂದ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಟೀಚರ್ ಉಗುಳಿದರು. ಬಾಯೊಣಗಿ ಏನೂ ಬರಲಿಲ್ಲ. ಎರಡನೆಯ ಸಲ ಬಂತು. ಸ್ಲೇಟು ಒರೆಸುವಂತೆಯೇ ಹೆಬ್ಬೆರಳಿನಿಂದ ಉಜ್ಜಿದರು.

ಇನ್ನು ಹತ್ತು ನಿಮಿಷ ಉಳಿದಿತ್ತು. ನಾನು ಒಂದು ಕ್ಷಣವೂ ಮಬ್ಬಾಗಲಿಲ್ಲ. ಕೆಳಗೆ ಕಂದು, ಪಾಚಿಹಸಿರು, ಸಾಸಿವೆ ಬಣ್ಣದ ಹವಳ, ನಡುನಡುವೆ ಮೀನು. ಅವರು ಬಾಯಲ್ಲಿ ಕಚ್ಚಿದ್ದ ಉಸಿರಾಟದ ಕೊಳವೆಯೊಳಗಿನಿಂದ ಒಂದು ಮಾತು ಗೊರಗೊರ ಕೇಳಿಸಿತು. “ಗುಲಾಬಿ ಅಲ್ಲ.” ಇಷ್ಟು ವರ್ಷ ಅವರು ಗುಲಾಬಿ ಸೀಮೆಸುಣ್ಣದಲ್ಲೇ ಬರೆದಿದ್ದರಂತೆ. ಆಮೇಲೆ ಅವರು ನಕ್ಕರು. ನಕ್ಕಾಗ ಕೆನ್ನೆ ಏರಿ ನನ್ನ ಅಂಚು ಸಡಿಲಾಯಿತು, ಉಪ್ಪುನೀರು ಒಳಗೆ ನುಗ್ಗಿತು. ಆದರೂ ಅವರು ತಲೆಯೆತ್ತಲಿಲ್ಲ.

ಈಗ ನನ್ನ ಪಟ್ಟಿ ಜಗ್ಗಿದೆ, ಅಂಚು ಹಳದಿಯಾಗಿದೆ. ಸುಬ್ರಾಯರ ಹೆಂಡತಿ ನಾಗವೇಣಿ ಈರುಳ್ಳಿ ಹೆಚ್ಚುವಾಗ ನನ್ನನ್ನು ಹಾಕಿಕೊಳ್ಳುತ್ತಾರೆ. ಮೊನ್ನೆ ಸುಬ್ರಾಯರು ಅವರಿಗೆ ಹೇಳುತ್ತಿದ್ದರು: ಆ ಟೀಚರ್ ಫೋನ್ ಮಾಡಿದ್ದರಂತೆ. ಹಳೆಯ ಶಾಲೆಗೆ ಹೋಗಿ, ಹೊಸ ಮೇಷ್ಟ್ರ ಅನುಮತಿ ಕೇಳಿ, ಮಕ್ಕಳ ಮುಂದೆ ನಿಂತು, “ನಿಮ್ಮ ಅಪ್ಪ ಅಮ್ಮಂದಿರಿಗೆ ನಾನು ತಪ್ಪು ಬಣ್ಣ ಹೇಳಿಕೊಟ್ಟಿದ್ದೆ” ಎಂದರಂತೆ.

ನಾಗವೇಣಿ ಹೆಚ್ಚುತ್ತಲೇ ಇದ್ದರು. ಅವರ ಮುಖದ ಮೇಲೆ, ಜಗ್ಗಿದ ಪಟ್ಟಿಯಲ್ಲೂ, ನಾನು ಬಿಗಿಯಾಗಿ, ಹೆಮ್ಮೆಯಿಂದ ಸೆಟೆದು ಕುಳಿತಿದ್ದೆ.