ಅಮಾಂಡಾಳ ಹೊಟ್ಟೆಯ ನೀರು

ರೇಡಿಯೋದವನು ಇವತ್ತು ರಾತ್ರಿ ಸೊನ್ನೆಗಿಂತ ಎಂಟು ಡಿಗ್ರಿ ಕೆಳಗೆ ಎಂದು ಹೇಳಿ, ಏನೂ ಆಗದವನಂತೆ ಅಕಾರ್ಡಿಯನ್ ಹಾಡು ಹಾಕಿದ. ಗುನ್ವೋರ್ ಸುಲಿಯುತ್ತಿದ್ದ ಆಲೂಗಡ್ಡೆಯನ್ನೂ ಚಾಕುವನ್ನೂ ಮೇಜಿನ ಮೇಲೆ ಬಿಟ್ಟು ಎದ್ದಳು. ಅಕ್ಟೋಬರ್ ಇನ್ನೂ ಅರ್ಧ ಕಳೆದಿರಲಿಲ್ಲ. ಲಾಂಗ್‌ಶೇರ್ ದ್ವೀಪದಲ್ಲಿ ಇಂಥ ಚಳಿ ಇಷ್ಟು ಬೇಗ ಬಂದದ್ದನ್ನು ಅವಳು ಕಂಡಿರಲಿಲ್ಲ. ಆದರೆ ಊರಿಗೆ ಬಂದ ಚಳಿ ನೀರಿಗೆ ಬಾರದೆ ಇರುತ್ತದೆಯೇ?

ದೋಣಿ ಅಮಾಂಡಾ ದಡಕ್ಕೇನೋ ಬಂದಿತ್ತು, ಮರದ ಅಡ್ಡೆಯ ಮೇಲೆ ಭದ್ರವಾಗಿ ಕೂತಿತ್ತು. ಎಂಜಿನ್ನಿನ ಹೊಟ್ಟೆಯಲ್ಲಿ ಮಾತ್ರ ಇನ್ನೂ ಸಮುದ್ರದ ನೀರು. ಈ ಕಡೆಯ ಸಮುದ್ರಕ್ಕೆ ಉಪ್ಪು ಬರೀ ಹೆಸರಿಗೆ. ಬಾವಿ ನೀರು ಹೆಪ್ಪುಗಟ್ಟಿದ ಬೆನ್ನಿಗೇ ಅದೂ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ ನೀರು ಹಿಗ್ಗುತ್ತದೆ, ಎರಕದ ಕಬ್ಬಿಣ ಹಿಗ್ಗುವುದಿಲ್ಲ, ಬಿರಿಯುತ್ತದೆ. ಬಿರಿದ ಎಂಜಿನ್ನಿಗೆ ಮದ್ದಿಲ್ಲ. ಎಂಜಿನ್ ಇಲ್ಲದಿದ್ದರೆ ವಸಂತದ ಮೀನಿಲ್ಲ, ಮೀನಿಲ್ಲದಿದ್ದರೆ ಅವರಿಬ್ಬರಿಗೆ ಈ ದ್ವೀಪವೂ ಇಲ್ಲ.

ಅವರಿಬ್ಬರು ಎಂದರೆ ಗುನ್ವೋರ್ ಮತ್ತು ಅವಳ ತಮ್ಮ ರೂರಿಕ್. ಇಬ್ಬರೂ ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ ಅವಳು, ದೋಣಿಯಲ್ಲಿ ಇರುವುದೇ ಇಬ್ಬರಿಗೆ ಜಾಗ ಎನ್ನುತ್ತಿದ್ದಳು. ಚುಕ್ಕಾಣಿ, ಬಲೆ ಅವಳದು, ಎಂಜಿನ್ ಅವನದು. ಬೇರೆಯವರು ಅದರ ಮುಚ್ಚಳ ಮುಟ್ಟಿದರೂ ತನ್ನ ಹಲ್ಲುಜ್ಜುವ ಬ್ರಷ್ ಮುಟ್ಟಿದಷ್ಟು ಸಿಡುಕುತ್ತಿದ್ದ. ಆಗಸ್ಟಿನಲ್ಲಿ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಕಾಲು ಕುಂಟುತ್ತ ಮರಳಿತು. ಮಾತಿನಲ್ಲಿ ಉಳಿದದ್ದು ಗಂಟಲಿನ ಒಂದು ಸದ್ದು, ಹೌದಿಗೂ ಅದೇ, ಇಲ್ಲಕ್ಕೂ ಅದೇ.

ಚಿಕ್ಕಪ್ಪನ ಮಗ ಬಿರ್ಗೆರ್ ಎಂಜಿನ್ನನ್ನು ಚಳಿಗಾಲಕ್ಕೆ ಅಣಿಮಾಡುವ ಕೆಲಸ ತಾನೇ ಮಾಡಿಕೊಡುತ್ತೇನೆ ಎಂದಿದ್ದ. ಇವಳಿಗೋ ಮೂಗಿನ ತುದಿಯಲ್ಲೇ ಸ್ವಾಭಿಮಾನ. ವರ್ಷ ವರ್ಷವೂ ಪಕ್ಕದಲ್ಲಿ ನಿಂತು ನೋಡಿದ್ದೇನೆ, ನನಗೆ ಬರುತ್ತದೆ ಎಂದು ಬಂದರಿನವರೆಲ್ಲರ ಎದುರು ಹೇಳಿ ಅವನನ್ನು ಕಳಿಸಿದ್ದಳು. ಈಗ ಬಿರ್ಗೆರ್ ಸಮುದ್ರದಾಚೆಯ ದೊಡ್ಡ ನೆಲದಲ್ಲಿ, ಓಬೊ ಪಟ್ಟಣದಲ್ಲಿ. ನೋಡುವುದೇ ಬೇರೆ, ಮಾಡುವುದೇ ಬೇರೆ ಎಂಬುದು ಅವಳಿಗೆ ಸ್ಪ್ಯಾನರ್ ಕೈಗೆ ತೆಗೆದುಕೊಂಡಾಗ ಅರ್ಥವಾಯಿತು.

ತಮ್ಮನನ್ನು ಒಬ್ಬನೇ ಮನೆಯಲ್ಲಿ ಬಿಡುವಂತಿರಲಿಲ್ಲ. ದೋಣಿಯ ಪಕ್ಕ ಕುರ್ಚಿ ಹಾಕಿ, ಉಣ್ಣೆಯ ಕಂಬಳಿ ಸುತ್ತಿ ಕೂರಿಸಿದಳು. ಮೊದಲು ಡೀಸೆಲ್ಲಿನ ಕೆಲಸ. ಟ್ಯಾಂಕನ್ನು ಕಂಠಪೂರ್ತಿ ತುಂಬಿದಳು. ಖಾಲಿ ಜಾಗ ಬಿಟ್ಟರೆ ಚಳಿಗೆ ಒಳಗೋಡೆ ಬೆವರಿ ನೀರಿಳಿಯುತ್ತದೆ. ಫಿಲ್ಟರಿನ ತಳದ ಗಾಜಿನ ಬಟ್ಟಲಲ್ಲಿ ಕೂತಿದ್ದ ನೀರು ಬಸಿದಳು, ಹೊಸ ಫಿಲ್ಟರ್ ಕೂರಿಸಿದಳು, ಗುಳ್ಳೆ ನಿಂತು ಬರೀ ಡೀಸೆಲ್ ಬರುವ ತನಕ ಕೈಪಂಪು ಒತ್ತಿದಳು. ಬೆರಳು ಮರಗಟ್ಟಿದವು, ಆದರೆ ಎಲ್ಲೂ ಸೋರಲಿಲ್ಲ. ರೂರಿಕ್ ಸದ್ದಿಲ್ಲದೆ ನೋಡುತ್ತಿದ್ದ. ಅವಳಿಗೆ ಸ್ವಲ್ಪ ಧೈರ್ಯ ಬಂತು.

ಇನ್ನು ನೀರಿನ ಕೆಲಸ. ಎಂಜಿನ್ನಿಗೆ ನೀರೆಳೆಯುವ ಕೊಳವೆಯನ್ನು ಬಿಚ್ಚಿ ಎಂಥ ಚಳಿಗೂ ಹೆಪ್ಪುಗಟ್ಟದ ಗುಲಾಬಿ ಬಣ್ಣದ ಕೂಲಂಟ್ ತುಂಬಿದ ಬಕೆಟ್ಟಿಗೆ ಇಳಿಬಿಟ್ಟಳು. ಎಂಜಿನ್ ಅದನ್ನು ಎಳೆದುಕೊಂಡು ಒಳಗಿನ ಸಮುದ್ರವನ್ನು ಹೊರಗೆ ತಳ್ಳಬೇಕು, ಅಷ್ಟೇ. ಕೀಲಿಗೆ ಕೈ ಹಾಕಿದಾಗ ಹಿಂದಿನಿಂದ ದನಿ ಬಂತು.

"ಕಾಫಿ."

ಕಾಯಿಲೆ ಬಿದ್ದಮೇಲೆ ಅವನ ಬಾಯಿಂದ ಬಂದ ಮೊದಲ ಮಾತು ಅದು. ದೋಣಿಯಿಂದ ಹೇಗೆ ಇಳಿದಳೋ ಅವಳಿಗೇ ತಿಳಿಯದು. ಅವನ ಮುಖವನ್ನು ಡೀಸೆಲ್ ಕೈಯಲ್ಲೇ ಹಿಡಿದು ಅತ್ತಳು, ನಕ್ಕಳು. ಬೇರೆ ಯಾವ ಮಾತು ಬಂದೀತು ಹೇಳಿ? ಈ ದ್ವೀಪಗಳಲ್ಲಿ ಜನ ದೂರವನ್ನೂ ಕಾಫಿಯಲ್ಲೇ ಅಳೆಯುತ್ತಾರೆ. ಚರ್ಚಿಗೆ ಹುಟ್ಟು ಹಾಕಿಕೊಂಡು ಹೋದರೆ ಎರಡು ಕಾಫಿ ದೂರ ಎನ್ನುತ್ತಾರೆ. ಮನೆಗೆ ಓಡಿ ಬಿಸಿ ಕಾಫಿಯನ್ನೂ ಏಲಕ್ಕಿ ಬನ್ನನ್ನೂ ತಂದಳು.

ಅವನು ಎಡಗೈಯಲ್ಲಿ ಲೋಟ ದೂಡಿದ. "ಕಾಫಿ," ಎಂದು ಎಂಜಿನ್ ಕಡೆ ಕೈ ತೋರಿಸಿದ. ಸಕ್ಕರೆ ಹಾಕಿ ಕೊಟ್ಟಳು. ಅದನ್ನೂ ದೂಡಿದ, ಅರ್ಧ ಕಾಫಿ ಕಂಬಳಿಗೆ ಚೆಲ್ಲಿತು. ಹೊತ್ತು ಆಗಲೇ ಪೈನ್ ಮರಗಳ ಕೆಳಗೆ ಇಳಿದಿತ್ತು. ಅವಳ ತಾಳ್ಮೆಯೂ ಅದರ ಜೊತೆಗೇ ಇಳಿಯಿತು.

"ಕಾಫಿ ಕಾಫಿ ಅಂತೀಯ, ತಂದ್ಕೊಟ್ರೆ ಚೆಲ್ತೀಯ. ನಿಂಗೇನು ಬೇಕು ಅಂತ ನಿಂಗೇ ಗೊತ್ತಿಲ್ಲ ಕಣೋ. ಕತ್ತಲಾಗೋದ್ರೊಳಗೆ ಇದನ್ನ ಮುಗಿಸೋಕೆ ಬಿಡು ನನ್ನ."

ಎಂಜಿನ್ ಕೆಮ್ಮಿ ಚಾಲೂ ಆಯಿತು. ಬಕೆಟ್ಟಿನ ಗುಲಾಬಿ ಇಳಿಯಿತು. ನೋಡನೋಡುತ್ತಿದ್ದಂತೆ ಹಿಂದಿನ ಹೊಗೆಕೊಳವೆಯಿಂದ ಅದೇ ಗುಲಾಬಿ ಕೆಳಗಿಟ್ಟ ಟಬ್ಬಿಗೆ ಚಿಮ್ಮಿತು. ಬಣ್ಣ ಬಂದರೆ ಮುಗಿಯಿತು ಎಂದು ಅವಳು ಪ್ರತಿ ವರ್ಷ ನೋಡಿದ್ದಳು. ಎಂಜಿನ್ ನಿಲ್ಲಿಸಿದಳು. ಆಗಲೇ ಬಿರ್ಗೆರ್‌ನ ಫೋನು ಬಂತು, ರೇಡಿಯೋ ಕೇಳಿದೆಯಾ ಎಂದು. ಎಲ್ಲ ಮುಗಿಸಿದ್ದೇನೆ ಎಂದು ಬೀಗಿದಳು. ರೂರಿಕ್ ಹೇಗಿದ್ದಾನೆ ಎಂದು ಅವನು ಕೇಳಿದ.

"ಅವನಾ? ಆಲೂಗಡ್ಡೆ ಮೂಟೆ ಇಟ್ಟ ಹಾಗೆ ಕೂತಿದಾನೆ," ಎಂದಳು, ಕಂಬಳಿಯ ಕಲೆ ಒರೆಸುತ್ತ. "ತಲೆ ಒಳಗೆ ಏನೂ ಹೋಗಲ್ಲ ಬಿರ್ಗೆರ್. ನಮ್ಮ ರೂರಿಕ್ ಆಗಸ್ಟಲ್ಲೇ ಹೋಗಿಬಿಟ್ಟ."

ಫೋನಿಟ್ಟು, ಮುಚ್ಚಳ ಹಾಕುವ ಮುನ್ನ ಹಸುವಿನ ಬೆನ್ನು ಸವರುವಂತೆ ಎಂಜಿನ್ನಿನ ಮೈ ಸವರಿದಳು. ಅದು ತಣ್ಣಗಿತ್ತು, ಕಲ್ಲಿನಷ್ಟು. ಅವಳ ಕೈ ಅಲ್ಲೇ ನಿಂತಿತು. ರೂರಿಕ್ ಮುಚ್ಚಳ ಹಾಕುವಾಗ ಪ್ರತಿ ಸಲ ಕೈ ಸುಟ್ಟುಕೊಂಡು ಬಯ್ಯುತ್ತಿದ್ದ. ಇದು ಯಾಕೆ ಸುಡುತ್ತಿಲ್ಲ? ಇನ್ನೊಂದೂ ನೆನಪಾಯಿತು. ಅವನು ಎಂಜಿನ್ನನ್ನು ಮೊದಲು ಬಾವಿ ನೀರು ಎಳೆಯುತ್ತ ಓಡಲು ಬಿಟ್ಟು, ಅಡುಗೆಮನೆಗೆ ಬಂದು, ಆರಾಮವಾಗಿ ಒಂದು ಕಾಫಿ ಕುಡಿದು ಮತ್ತೆ ಇಳಿದು ಹೋಗುತ್ತಿದ್ದ. ಡೀಸೆಲ್ ಸುಮ್ಮನೆ ಉರಿಯುತ್ತದೆ, ಸೋಮಾರಿ ಎಂದು ಅವಳು ಪ್ರತಿ ವರ್ಷ ಬಯ್ಯುತ್ತಿದ್ದಳು. ಅದು ಸೋಮಾರಿತನವಲ್ಲ, ಕೆಲಸದ್ದೇ ಭಾಗ. ಎಂಜಿನ್ನಿನ ಒಳಗೊಂದು ಸಣ್ಣ ಬಾಗಿಲಿದೆ. ತಣ್ಣಗಿರುವ ತನಕ ಅದು ಮುಚ್ಚಿಕೊಂಡೇ ಇರುತ್ತದೆ. ಕೂಲಂಟ್ ಒಳಗೆ ಹೋಗದೆ ಬಳಸುದಾರಿಯಲ್ಲಿ ಹಾದು ಹೊರಬೀಳುತ್ತದೆ.

ಎಂಜಿನ್ನಿನ ತಳದ ಚಿಕ್ಕ ನಲ್ಲಿ ತಿರುಗಿಸಿದಳು. ಅಂಗೈಗೆ ಬಿದ್ದದ್ದು ಗುಲಾಬಿಯಲ್ಲ, ತಿಳಿ ನೀರು. ನಾಲಿಗೆಗೆ ಮುಟ್ಟಿಸಿದಳು, ಸಣ್ಣಗೆ ಉಪ್ಪು. ಬಸಿದರೂ ಎಲ್ಲ ಹೋಗುವುದಿಲ್ಲ. ಸಂದುಗೊಂದುಗಳಲ್ಲಿ ಉಳಿದಷ್ಟೇ ಸಾಕು ಕಬ್ಬಿಣ ಸೀಳಲು.

ಅವಳು ಕುರ್ಚಿಯತ್ತ ತಿರುಗಿದಳು. ರೂರಿಕ್‌ನ ಕೆನ್ನೆ ತೋಯ್ದಿತ್ತು.

"ಕಾಯಿಸು ಅಂತ ಹೇಳ್ತಿದ್ದೆಯೇನೋ?" ಎಂದಳು. "ಒಂದು ಕಾಫಿಯಷ್ಟು ಹೊತ್ತು?"

ಅವನು ಹೌದೆಂದು ತಲೆಯಾಡಿಸಿದ, ನಿಧಾನವಾಗಿ, ತಪ್ಪಿಲ್ಲದೆ.

ಪುಣ್ಯಕ್ಕೆ ಟಬ್ಬಿನ ಕೂಲಂಟ್ ಚೆಲ್ಲಿರಲಿಲ್ಲ. ನಲ್ಲಿ ಮುಚ್ಚಿ, ಬಾವಿಯಿಂದ ನೀರು ಹೊತ್ತು ತಂದಳು, ಕೊಳವೆ ಅದಕ್ಕಿಳಿಸಿ ಎಂಜಿನ್ ಚಾಲೂ ಮಾಡಿದಳು. ಬಕೆಟ್ ತಳ ಕಾಣುವಷ್ಟರಲ್ಲಿ ಇನ್ನೊಂದು ತಂದು ಸುರಿದಳು, ಮತ್ತೊಂದು ತಂದಳು. ಬಾವಿಕಟ್ಟೆಯ ಮೇಲೆ ಚೆಲ್ಲಿದ ನೀರು ಆಗಲೇ ಕಾಲಡಿಯಲ್ಲಿ ಗರಿಗರಿ ಎನ್ನುತ್ತಿತ್ತು. ಜೀವ ಕೈಯಲ್ಲಿ ಹಿಡಿದು ಅವಳು ಎಂಜಿನ್ ಮುಟ್ಟುವುದು, ಅವನ ಮುಖ ನೋಡುವುದು. ಅವನ ಎಡಗೈ ಮೇಲೆದ್ದೇ ಇತ್ತು, ತಡೆ ಎಂಬಂತೆ. ಕಬ್ಬಿಣ ಬೆಚ್ಚಗಾಯಿತು. ಕೈ ಇಳಿಯಲಿಲ್ಲ. ಬಿಸಿಯಾಯಿತು. ಆಗಲೂ ಇಳಿಯಲಿಲ್ಲ. ಕೊನೆಗೆ ಅವನು ಕಿವಿ ಕೊಟ್ಟು ಏನನ್ನೋ ಆಲಿಸಿ ಕೈ ಇಳಿಸಿದ. ಅವಳು ಕೊಳವೆಯನ್ನು ಕೂಲಂಟಿಗೆ ಬದಲಿಸಿದಳು.

ತಳದ ನಲ್ಲಿ ತಿರುಗಿಸಿದಾಗ ಅಂಗೈ ತುಂಬ ಬೆಚ್ಚಗೆ ಗುಲಾಬಿ ಬಂತು. ಎಂಜಿನ್ ನಿಲ್ಲಿಸಿದ ಮೇಲೆ ದ್ವೀಪವಿಡೀ ಒಮ್ಮೆಲೇ ನಿಶ್ಶಬ್ದವಾಯಿತು. ಅವಳು ದೋಣಿಯ ಅಂಚಿಗೆ ಒರಗಿ ನಿಂತಳು, ಇನ್ನು ಹೆದರುವುದಕ್ಕೆ ಏನೂ ಉಳಿದಿಲ್ಲ ಎಂದುಕೊಂಡು. ಆಗ ಹೊಳೆಯಿತು. ಎಂಜಿನ್ ಬಗ್ಗೆ ಇಷ್ಟು ತಿಳಿದವನಿಗೆ ಉಳಿದದ್ದು ಮಾತ್ರ ತಿಳಿಯದೆ ಇದ್ದೀತೇ? ನರ್ಸಿಗೆ ಹೇಳಿದ್ದು, ಪಾದ್ರಿಗೆ ಹೇಳಿದ್ದು, ಊಟ ಮಾಡಿಸುವಾಗ ಗೊಣಗಿದ್ದು, ಎಲ್ಲವೂ ಅವನ ಎದುರಿಗೇ ಆಡಿದ ಮಾತು.

"ರೂರಿಕ್," ಎಂದಳು. "ಈಗ ಬಿರ್ಗೆರ್‌ಗೆ ಫೋನಲ್ಲಿ ಅಂದದ್ದು... ಕೇಳಿಸ್ತಾ ನಿಂಗೆ?"

ಅವನು ಅವಳ ಕಡೆ ತಿರುಗಲಿಲ್ಲ. ಜಾರಿದ ಕಂಬಳಿಯನ್ನು ಎಡಗೈಯಲ್ಲಿ ಎದೆಯ ಮೇಲೆ ಎಳೆದುಕೊಂಡು, ದೋಣಿಯನ್ನೇ ನೋಡುತ್ತ ಕೂತ.